ಮದಗುಣಕಿಯ ಮನೆತನ

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ ಅವ್ವನ ಫೋನ್ ಬಂತು. ಊರು ಬಿಟ್ಟು ಬಂದವರಿಗೆ ಆ ಹೊತ್ತಿನ ಫೋನ್ ಅಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

"ನಿಮ್ಮಪ್ಪ ಹಾಸಿಗಿ ಮ್ಯಾಲ ಕುಂತು ಏನೋ ಆರಸಾಕತ್ತಾರ. ಏನ್ರೀ ಅದು ಅಂದ್ರ ಶೇಂಗಾ ಚೆಲ್ಲ್ಯಾವು ನೋಡು ಅಂತಾರ. ಎಲ್ಲಿ ಶೇಂಗಾನೋ? ಒಂದೂ ಇಲ್ಲ. ನನ್ನ ಗುರ್ತನೂ ಹಿಡೀವಲ್ರು."

ಅಪ್ಪನಿಗೆ ಎಪ್ಪತ್ತಾರು. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅದಕ್ಕೆ ಎರಡು ತಿಂಗಳು ಮೊದಲು ನನ್ನ ಮಗಳಿಗೆ ಫೋನಿನಲ್ಲೇ ಹತ್ತೊಂಬತ್ತರ ಮಗ್ಗಿ ಹೇಳಿಕೊಟ್ಟಿದ್ದರು. ಮರುದಿನ ಪುಣೆಯಿಂದ ರಾತ್ರಿ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಇಳಿದು ಮನೆಗೆ ಹೋದರೆ, ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು: "ವಯಸ್ಸಾತಲ್ಲ, ಅರಳು ಮರಳು." ನಾನೂ ಅರ್ಧ ನಂಬಿದ್ದೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಮರೆವಿನ ರೋಗದ ಬಗ್ಗೆ ಓದುತ್ತ ಬಂದಿದ್ದೆ. ಪುಣೆಗೆ ಕರೆದುಕೊಂಡು ಬರಬೇಕೋ, ನಾನೇ ಊರಿಗೆ ಬರಬೇಕೋ, ನೋಡಿಕೊಳ್ಳಲು ಯಾರನ್ನು ಇಡಬೇಕು ಎಂಬ ಲೆಕ್ಕ ಶುರುವಾಗಿತ್ತು.

ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ತಂದೆಯವರು ಯಾವ್ಯಾವ ಗುಳಗಿ ತಗೋತಾರ್ರಿ?" ನನಗೆ ಗೊತ್ತಿರಲಿಲ್ಲ. "ಮನ್ಯಾಗ ಇರೋವೆಲ್ಲಾ ಒಂದ್ ಚೀಲದಾಗ ಹಾಕ್ಕೊಂಡು ಬರ್ರಿ. ಅರ್ಧ ಬಿಟ್ಟಿದ್ದು, ಅಂಗಡಿಯವ್ರು ಕೊಟ್ಟಿದ್ದು, ಎಲ್ಲಾ."

ಚೀಲ ಸುರುವಿದಾಗ ಮೇಜಿನ ಮೇಲೆ ಹನ್ನೊಂದು ಬಗೆಯ ಗುಳಿಗೆ, ಒಂದು ಇನ್‌ಹೇಲರ್. ಡಾಕ್ಟರಮ್ಮ ಮೂರು ಪಟ್ಟಿಗಳನ್ನು ಆರಿಸಿ ಪಕ್ಕಕ್ಕಿಟ್ಟರು. ಕಾಲು ಉರಿಗೆ ಹುಬ್ಬಳ್ಳಿಯಲ್ಲಿ ಬರೆದುಕೊಟ್ಟಿದ್ದ ಅಮಿಟ್ರಿಪ್ಟಿಲಿನ್. ಪದೇ ಪದೇ ಮೂತ್ರಕ್ಕೆ ಎದ್ದೇಳುವುದಕ್ಕೆ ಪುಣೆಯಲ್ಲಿ ಬರೆದುಕೊಟ್ಟಿದ್ದ ಆಕ್ಸಿಬ್ಯುಟಿನಿನ್. ಇದನ್ನು ತಿಂಗಳು ತಿಂಗಳು ಕೊರಿಯರ್ ಮಾಡುತ್ತಿದ್ದವನು ನಾನೇ. ಮಳೆಗಾಲದ ನೆಗಡಿಗೆ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದ ಕ್ಲೋರ್‌ಫೆನಿರಮಿನ್ ಇರುವ ಗುಳಿಗೆ.

"ಇವು ಮೂರೂ ಒಂದ ಮನೆತನದ್ದು," ಅಂದರು. "ನಿಮ್ಮ ಹೊಲದ ಬದುವಿನ್ಯಾಗ ಮದಗುಣಕಿ ಗಿಡ ಐತೇನ್ರಿ? ಅದನ್ನ ತಿಂದೋರೂ ಹಿಂಗ ಆರಸ್ತಾರ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಾನು ಎಂ.ಟೆಕ್. ಮಾಡಿದವನು, ವೈದ್ಯನಲ್ಲ. ಆದರೆ ಒಂದು ವ್ಯವಸ್ಥೆ ಕೆಟ್ಟಾಗ ಅದರ ಬುಡ ಹುಡುಕುವುದು ನನ್ನ ಹೊಟ್ಟೆಪಾಡು. ಈ ಮನೆತನದ ಬುಡ ಹುಡುಕುತ್ತ ಹೋದಾಗ ಸಿಕ್ಕಿದ್ದು ಇಲ್ಲಿದೆ.

ಮದಗುಣಕಿ ಎಂದರೆ ದತ್ತೂರಿ. ತುತ್ತೂರಿಯಂಥ ಹೂವು, ಮುಳ್ಳಿನ ಕಾಯಿ. ನಮ್ಮಜ್ಜಿ ಶಿವರಾತ್ರಿಗೆ ಇದರ ಹೂವು ಕಾಯಿ ತಂದು ಶಿವನಿಗೆ ಏರಿಸುತ್ತಿದ್ದಳು, ಮಂಡಿ ಊದಿದರೆ ಎಲೆ ಬೆಚ್ಚಗೆ ಮಾಡಿ ಕಟ್ಟುತ್ತಿದ್ದಳು. ಆದರೆ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೆ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಉಮ್ಮತ್ತಿ ಎಂಬ ಹೆಸರೂ ಇದೆ. ಸಂಸ್ಕೃತದ 'ಉನ್ಮತ್ತ'ದಿಂದ ಬಂದದ್ದು. ತಮಿಳಿನ ಊಮತ್ತೈ, ತೆಲುಗಿನ ಉಮ್ಮೆತ್ತ ಕೂಡ ಇದರ ನೆಂಟರೇ. ಮದಗುಣಕಿಯಲ್ಲೂ 'ಮದ' ಇದೆ. ತಿಂದರೆ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಗಿಡದ ಹೆಸರಿನಲ್ಲೇ ಬರೆದಿಟ್ಟಿದ್ದರು. ಆಯುರ್ವೇದ ಇದನ್ನು ಉಪವಿಷಗಳ ಪಟ್ಟಿಗೆ ಸೇರಿಸಿ, ಶುದ್ಧಿ ಮಾಡದೆ ಬಳಸಕೂಡದು ಎಂದಿತು. ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿಡುವಾಗ ಇದರ ಕುಲಕ್ಕೆ 'ದತುರಾ' ಎಂದು ನಮ್ಮ ಹೆಸರನ್ನೇ ಇಟ್ಟುಕೊಂಡ.

ಈ ಗಿಡದ ಕುಖ್ಯಾತಿಯ ಒಂದು ಹಳೆಯ ದಾಖಲೆ ನಮ್ಮ ನೆರೆಯಲ್ಲೇ ಇದೆ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಗೋವೆಯಲ್ಲಿ ನೆಲೆಸಿ, 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಮೂಲಿಕೆಗಳ ಪುಸ್ತಕದಲ್ಲಿ ದತ್ತೂರಿಗೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ಕದಿಯಬೇಕೆಂದವರು ಅದನ್ನು ಊಟದಲ್ಲಿ ಬೆರೆಸುತ್ತಾರೆ, ತಿಂದವನು ಬುದ್ಧಿ ತಪ್ಪಿ ನಗುತ್ತ ಕೂರುತ್ತಾನೆ, ಒಡವೆ ತೆಗೆದುಕೊಂಡರೂ ಬೇಡ ಅನ್ನುವುದಿಲ್ಲ ಎಂದು ಅವನ ವರ್ಣನೆ. ಮುನ್ನೂರು ವರ್ಷದ ನಂತರ, 1856ರಲ್ಲಿ, ನಾರ್ಮನ್ ಚೆವರ್ಸ್ ಎಂಬ ಇಂಗ್ಲಿಷ್ ವೈದ್ಯ ಬಂಗಾಳದ ನ್ಯಾಯವೈದ್ಯಕೀಯದ ಬಗ್ಗೆ ಬರೆದ ಕೈಪಿಡಿಯಲ್ಲೂ ದತ್ತೂರಿಗೆ ದೊಡ್ಡ ಜಾಗವಿದೆ. ದಾರಿಯಲ್ಲಿ ಸಿಕ್ಕ ಪ್ರಯಾಣಿಕನಿಗೆ ತಿನಿಸು ಕೊಟ್ಟು ಗಂಟು ಎಗರಿಸುವುದು ಆಗಿನ ಮಾಮೂಲಿ ಅಪರಾಧ. ಕೆಲವರು ಸತ್ತೇಹೋಗುತ್ತಿದ್ದರು. ಬದುಕಿದವರಿಂದಲೂ ಪೊಲೀಸರಿಗೆ ಹೆಚ್ಚು ಉಪಯೋಗವಾಗುತ್ತಿರಲಿಲ್ಲ. ಏಕೆಂದರೆ ಆ ಹೊತ್ತಿನ ನೆನಪೇ ಅವರಿಗೆ ಇರುತ್ತಿರಲಿಲ್ಲ. ಕಳ್ಳನಿಗೆ ಬೇಕಾದದ್ದೂ ಅದೇ. ಈ ನೆನಪಿನ ವಿಷಯವನ್ನು ಸ್ವಲ್ಪ ಗಮನದಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಯುರೋಪಿನಲ್ಲಿ ದತ್ತೂರಿಯ ಸ್ಥಾನದಲ್ಲಿ ಇದ್ದದ್ದು ಬೆಲಡೋನ. ಎರಡೂ ಒಂದೇ ಸಸ್ಯಕುಟುಂಬದವು. ಬದನೆ, ಟೊಮೆಟೊ, ಆಲೂಗಡ್ಡೆ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಕೂಡ ಇದೇ ಕುಟುಂಬಕ್ಕೆ ಸೇರಿದವು. ಬೆಲಡೋನ ಎಂದರೆ ಇಟಾಲಿಯನ್ ಭಾಷೆಯಲ್ಲಿ ಚೆಲುವೆ. ಹೆಂಗಸರು ಇದರ ರಸವನ್ನು ಕಣ್ಣಿಗೆ ಬಿಟ್ಟುಕೊಂಡು ಪಾಪೆ ಅಗಲ ಮಾಡಿಕೊಳ್ಳುತ್ತಿದ್ದರಂತೆ, ಅದಕ್ಕೇ ಆ ಹೆಸರು ಎನ್ನುತ್ತಾರೆ. ಲಿನೇಯಸ್ 1753ರಲ್ಲಿ ಇದಕ್ಕೆ 'ಅಟ್ರೋಪಾ ಬೆಲಡೋನ' ಎಂದು ಹೆಸರಿಟ್ಟ. ಗ್ರೀಕ್ ಪುರಾಣದಲ್ಲಿ ಮನುಷ್ಯನ ಆಯುಷ್ಯದ ನೂಲನ್ನು ಕತ್ತರಿಸುವ ದೇವತೆ ಅಟ್ರೊಪೋಸ್. ಹೆಸರಿನ ಒಂದು ತುದಿಯಲ್ಲಿ ಸಾವು, ಇನ್ನೊಂದು ತುದಿಯಲ್ಲಿ ಚೆಲುವು.

1819ರಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ರುಂಗೆ ಎಂಬ ವಿದ್ಯಾರ್ಥಿ ಇಂಥ ಗಿಡದ ಸಾರವನ್ನು ಬೆಕ್ಕಿನ ಕಣ್ಣಿಗೆ ಹಾಕಿ, ಪಾಪೆ ಅಗಲವಾಗುವುದನ್ನು ಕವಿ ಗಯಟೆಗೆ ತೋರಿಸಿದ. ಬೆಕ್ಕನ್ನು ಎತ್ತಿಕೊಂಡೇ ಅವರಲ್ಲಿಗೆ ಹೋಗಿದ್ದ. ಗಯಟೆ ಖುಷಿಯಾಗಿ ಅವನ ಕೈಗೆ ಒಂದಿಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡು ಎಂದರು. ರುಂಗೆ ಅದರಿಂದ ಕೆಫೀನ್ ತೆಗೆದ. ಹೀಗೆ ಬೆಳಗಿನ ಕಾಫಿಯ ರಸಾಯನ ಗೊತ್ತಾದದ್ದಕ್ಕೂ ಈ ವಿಷದ ಗಿಡಕ್ಕೂ ಒಂದು ನಂಟಿದೆ. 1831ರಲ್ಲಿ ಮೈನ್ ಎಂಬ ಜರ್ಮನ್ ಔಷಧ ತಯಾರಕ ಬೆಲಡೋನದ ಸಾರವನ್ನು ಶುದ್ಧ ಹರಳಾಗಿ ಬೇರ್ಪಡಿಸಿದ. ಅದೇ ಅಟ್ರೋಪಿನ್. ದತ್ತೂರಿಯಲ್ಲೂ ಇದು ಇದೆ, ಜೊತೆಗೆ ಇದರ ತಮ್ಮನಂತಿರುವ ಸ್ಕೊಪೊಲಮಿನ್ ಕೂಡ. ಈ ತಮ್ಮ ಮೆದುಳಿಗೆ ಇನ್ನೂ ಸಲೀಸಾಗಿ ನುಗ್ಗುತ್ತಾನೆ. ಇದರಿಂದ ಮೊದಲ ಬಾರಿಗೆ ವೈದ್ಯರಿಗೆ ತೂಗಿ ಕೊಡಬಲ್ಲ ಔಷಧ ಸಿಕ್ಕಿತು. ಎಲೆಯಲ್ಲಿ ಸಾರ ಎಷ್ಟಿದೆ ಎಂದು ಯಾರೂ ಹೇಳಲಾರರು. ಹರಳಿನ ತೂಕ ಹೇಳಬಹುದು.

ಆದರೆ ಎಲೆಯ ಕಾಲವೂ ಬೇಗ ಮುಗಿಯಲಿಲ್ಲ. ಇಲ್ಲಿ ಚೆನ್ನೈ ಓದುಗರಿಗೆ ಹತ್ತಿರದ ಒಂದು ಕಥೆಯಿದೆ. ನಮ್ಮ ನಾಡಿನಲ್ಲಿ ಉಬ್ಬಸಕ್ಕೆ ದತ್ತೂರಿಯನ್ನು ಚಿಲುಮೆಯಲ್ಲಿಟ್ಟು ಸೇದುವ ರೂಢಿ ಮೊದಲಿನಿಂದ ಇತ್ತು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ಕಂಡು, ಉಬ್ಬಸದ ರೋಗಿಗಳಿಗೆ ಹೇಳತೊಡಗಿದ. ಅಲ್ಲಿದ್ದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಆ ಒಣಗಿಸಿದ ಗಿಡವನ್ನು ಬ್ರಿಟನ್ನಿಗೆ ಒಯ್ದು ಅಲ್ಲಿನ ವೈದ್ಯರ ಕೈಗೆ ಕೊಟ್ಟ. ಭಾರತದ ತಳಿ ಸಿಗದಿದ್ದಾಗ ಅವರು ತಮ್ಮಲ್ಲೇ ಬೆಳೆಯುವ ದತ್ತೂರಿಯ ಇನ್ನೊಂದು ಜಾತಿಯನ್ನು ಬಳಸಿದರು. ಮುಂದೆ ಅದು ಉಬ್ಬಸದ ಸಿಗರೇಟು, ಉಬ್ಬಸದ ಪುಡಿ ಎಂದು ಪೊಟ್ಟಣ ಕಟ್ಟಿಸಿಕೊಂಡು ಯುರೋಪು, ಅಮೆರಿಕದ ಔಷಧದ ಅಂಗಡಿಗಳನ್ನು ಹೊಕ್ಕಿತು. ಜೀವನವಿಡೀ ಉಬ್ಬಸದಿಂದ ನರಳಿದ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಇಂಥ ಸಿಗರೇಟು ಸೇದುತ್ತಿದ್ದ. ಈಗ ಕೇಳಿದರೆ ನಗು ಬರುತ್ತದೆ, ಉಬ್ಬಸಕ್ಕೆ ಸಿಗರೇಟೇ ಎಂದು. ಆದರೆ ಹೊಗೆಯಲ್ಲಿದ್ದ ಅಟ್ರೋಪಿನ್ ಬಿಗಿದುಕೊಂಡ ಶ್ವಾಸನಾಳವನ್ನು ನಿಜಕ್ಕೂ ಸಡಿಲಿಸುತ್ತಿತ್ತು. ಜೊತೆಗೆ ಬಾಯಿ ಒಣಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಹೆಚ್ಚಾದರೆ ತಲೆ ಕೆಡುತ್ತಿತ್ತು.

ಇಷ್ಟು ಬೇರೆ ಬೇರೆ ಕೆಲಸವನ್ನು ಒಂದೇ ವಸ್ತು ಹೇಗೆ ಮಾಡುತ್ತದೆ? ಪಾಪೆ ಅಗಲ, ಬಾಯಿ ಒಣ, ಎದೆಬಡಿತ ಜೋರು, ಶ್ವಾಸನಾಳ ಸಡಿಲ, ಮಲಬದ್ಧತೆ, ಮೂತ್ರ ಕಟ್ಟುವುದು, ಬೆವರು ನಿಂತು ಮೈ ಕಾಯುವುದು, ಇಲ್ಲದ್ದು ಕಾಣುವುದು. ಉತ್ತರಕ್ಕೆ ಒಂದು ಶತಮಾನವೇ ಬೇಕಾಯಿತು.

1867ರಲ್ಲಿ ಬೆಜೋಲ್ಡ್ ಮತ್ತು ಬ್ಲೋಬಾಮ್ ಎಂಬ ಜರ್ಮನ್ ವಿಜ್ಞಾನಿಗಳು ಒಂದು ಸುಳಿವು ಕೊಟ್ಟರು. ಮೆದುಳಿನಿಂದ ಹೃದಯಕ್ಕೆ ಇಳಿದುಬರುವ ವೇಗಸ್ ನರವನ್ನು ಕೆಣಕಿದರೆ ಹೃದಯದ ಬಡಿತ ನಿಧಾನವಾಗುತ್ತದೆ. ಅಟ್ರೋಪಿನ್ ಕೊಟ್ಟ ಮೇಲೆ ಎಷ್ಟು ಕೆಣಕಿದರೂ ನಿಧಾನವಾಗಲಿಲ್ಲ. ನರವೂ ಸರಿಯಿತ್ತು, ಹೃದಯವೂ ಸರಿಯಿತ್ತು. ನಡುವಿನ ಮಾತುಕತೆ ನಿಂತಿತ್ತು.

ಆ ಮಾತುಕತೆ ನಡೆಯುವುದು ಹೇಗೆ ಎಂಬುದನ್ನು ತೋರಿಸಿದ್ದು ಆಸ್ಟ್ರಿಯಾದ ಗ್ರಾಜ್ ಊರಿನ ಪ್ರೊಫೆಸರ್ ಓಟೋ ಲೋವಿ. ಅವನೇ ಹೇಳಿಕೊಂಡ ಕಥೆಯ ಪ್ರಕಾರ 1920ರ ಈಸ್ಟರ್ ಸಮಯದಲ್ಲಿ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗದ ಉಪಾಯ ಹೊಳೆಯಿತು. ಅರೆನಿದ್ದೆಯಲ್ಲಿ ಎದ್ದು ಚೀಟಿಯಲ್ಲಿ ಗೀಚಿಕೊಂಡ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ತಿಳಿಯಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂತು. ಈ ಸಲ ಚೀಟಿಯ ಗೊಡವೆಗೆ ಹೋಗದೆ ರಾತ್ರೋರಾತ್ರಿ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆಗಳ ಮಿಡಿಯುತ್ತಿದ್ದ ಹೃದಯಗಳನ್ನು ತೆಗೆದುಕೊಂಡು, ಮೊದಲನೆಯದರ ವೇಗಸ್ ನರವನ್ನು ಕೆಣಕಿದ. ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದ. ಯಾವ ನರವೂ ಮುಟ್ಟದಿದ್ದ ಆ ಹೃದಯವೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಒಂದು ರಾಸಾಯನಿಕ ಒಸರಿ ಸಂದೇಶ ಮುಟ್ಟಿಸುತ್ತಿತ್ತು. ಅದೇ ಅಸಿಟೈಲ್‌ಕೋಲಿನ್. ಇಂಗ್ಲೆಂಡಿನ ಹೆನ್ರಿ ಡೇಲ್ 1914ರಲ್ಲೇ ಈ ವಸ್ತುವಿನ ಗುಣಗಳನ್ನು ಬಿಡಿಸಿ ಬರೆದಿದ್ದ. ಇಬ್ಬರಿಗೂ 1936ರಲ್ಲಿ ನೊಬೆಲ್ ಬಂತು. ಅಟ್ರೋಪಿನ್ ಕೊಟ್ಟರೆ ಸಂದೇಶ ಹೊರಡುವುದೇನೂ ನಿಲ್ಲುವುದಿಲ್ಲ, ಮುಟ್ಟುವುದು ಮಾತ್ರ ನಿಲ್ಲುತ್ತದೆ ಎಂದು ಲೋವಿ ಮುಂದೆ ತೋರಿಸಿದ.

ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಕಳಿಸುವ ಕಡೆ ಮೆಸೇಜ್ ಹೋಗುತ್ತಲೇ ಇರುತ್ತದೆ. ಪಡೆಯುವ ಕಡೆಯ ಬಾಗಿಲಲ್ಲಿ ಬೇರೆ ಯಾರೋ ಕೂತಿದ್ದಾರೆ. ಈ ಬಾಗಿಲುಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಅಸಿಟೈಲ್‌ಕೋಲಿನ್‌ಗೆ ಎರಡು ಬಗೆಯ ಬಾಗಿಲುಗಳಿವೆ. ಒಂದಕ್ಕೆ ವಿಷದ ಅಣಬೆಯ ಮಸ್ಕರೀನ್ ಹೆಸರು, ಇನ್ನೊಂದಕ್ಕೆ ತಂಬಾಕಿನ ನಿಕೋಟಿನ್ ಹೆಸರು. ಅಟ್ರೋಪಿನ್ ಮನೆತನದವು ಹೋಗಿ ಕೂರುವುದು ಮಸ್ಕರೀನ್ ಬಾಗಿಲಲ್ಲಿ. ಈ ಬಾಗಿಲು ಕಣ್ಣಿನಲ್ಲಿದೆ, ಜೊಲ್ಲಿನ ಗ್ರಂಥಿಯಲ್ಲಿದೆ, ಶ್ವಾಸನಾಳ, ಹೃದಯ, ಕರುಳು, ಮೂತ್ರಕೋಶ, ಬೆವರಿನ ಗ್ರಂಥಿಗಳಲ್ಲಿದೆ. ನೆನಪು, ಗಮನಗಳನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳಲ್ಲೂ ಇದೆ. ನೂರು ವರ್ಷ ಒಗಟಾಗಿದ್ದ ಆ ಉದ್ದ ಪಟ್ಟಿ ಒಂದೇ ಸಾಲಿಗೆ ಇಳಿಯಿತು: ಮಸ್ಕರೀನ್ ಬಾಗಿಲಲ್ಲಿ ಅಸಿಟೈಲ್‌ಕೋಲಿನ್ ಎಲ್ಲೆಲ್ಲಿ ಮಾತಾಡುತ್ತದೋ ಅಲ್ಲೆಲ್ಲ ಇವು ಕಿವಿ ಮುಚ್ಚುತ್ತವೆ. ಆಂಟಿಕೋಲಿನರ್ಜಿಕ್ ಎಂಬ ಹೆಸರಿನ ಅರ್ಥ ಇಷ್ಟೇ.

ಇದನ್ನು ತಿರುಗಿಸಿ ನೋಡಿದರೆ ಈ ಮನೆತನದ ಅತಿ ದೊಡ್ಡ ಉಪಕಾರ ಕಾಣುತ್ತದೆ. ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿಸಿದ ಕೂಡಲೇ ಅದನ್ನು ಒಡೆದುಹಾಕುವ ಒಂದು ಕಿಣ್ವ ದೇಹದಲ್ಲಿದೆ. ಆ ಕಿಣ್ವವನ್ನು ಕಟ್ಟಿಹಾಕಿದರೆ ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಬೆವರು, ಎದೆ ತುಂಬ ಕಫ, ಉಸಿರುಕಟ್ಟು. ಪಶ್ಚಿಮ ಆಫ್ರಿಕಾದ ಕಲಬಾರ್ ಕಾಳು ಹೀಗೆ ಮಾಡುತ್ತದೆ. 1864ರಲ್ಲಿ ಪ್ರಾಗ್ ನಗರದಲ್ಲಿ ಅಟ್ರೋಪಿನ್ ಕುಡಿದುಬಿಟ್ಟಿದ್ದ ಕೈದಿಗಳಿಗೆ ಕ್ಲೈನ್‌ವೆಕ್ಟರ್ ಎಂಬ ವೈದ್ಯ ಈ ಕಾಳಿನ ಸಾರ ಕೊಟ್ಟು ನೋಡಿದ್ದ. ಒಂದು ವಿಷಕ್ಕೆ ಇನ್ನೊಂದು ವಿಷ ಮದ್ದಾಗಬಹುದು ಎಂದು ಆಗಲೇ ಗೊತ್ತಾಗಿತ್ತು. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತ ಆರ್ಗನೋಫಾಸ್ಫೇಟ್ ವಸ್ತುಗಳ ಮೇಲೆ ಕೆಲಸ ಮಾಡಿದ. ಅದೇ ಕಿಣ್ವವನ್ನು ಇವು ಇನ್ನೂ ಬಿಗಿಯಾಗಿ ಕಟ್ಟಿಹಾಕುತ್ತವೆ. ಅವುಗಳಿಂದ ಒಂದು ಕಡೆ ಟಬೂನ್‌ನಂಥ ಯುದ್ಧದ ವಿಷಾನಿಲ ಬಂತು, ಇನ್ನೊಂದು ಕಡೆ ನಮ್ಮ ಹೊಲಗಳಿಗೆ ಹೊಡೆಯುವ ಔಷಧ ಬಂತು.

ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಇದರ ಪರಿಚಯ ಇಲ್ಲದವರಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ಹಲವು ರೈತರು, ಕೂಲಿಗಳು ಸತ್ತಾಗ ಪುಣೆಯ ಪತ್ರಿಕೆಗಳಲ್ಲಿ ದಿನವೂ ಸುದ್ದಿ ಬರುತ್ತಿತ್ತು. ಈ ಆರ್ಗನೋಫಾಸ್ಫೇಟ್ ವಿಷಕ್ಕೆ ತುರ್ತಿನ ಮದ್ದು ಇವತ್ತಿಗೂ ಅಟ್ರೋಪಿನ್. ತಾಲೂಕು ಆಸ್ಪತ್ರೆಯಲ್ಲಿ ಸಿಗುವ ಪುಟ್ಟ ಆಂಪೂಲಿನಲ್ಲಿ ಸಾಮಾನ್ಯವಾಗಿ ಇರುವುದು 0.6 ಮಿಲಿಗ್ರಾಂ. ಶ್ವಾಸಕೋಶದ ಗೊರಗೊರ ನಿಂತು, ಎದೆಬಡಿತ ಏರುವವರೆಗೆ ಡೋಸು ಇಮ್ಮಡಿ ಮಾಡುತ್ತ ಹೋಗುತ್ತಾರೆ. ಒಬ್ಬ ರೋಗಿಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಆಂಪೂಲು ಬೇಕಾಗುತ್ತವೆ. ರಾತ್ರಿಪಾಳಿಯ ನರ್ಸುಗಳು ಸಾಲಾಗಿ ಕೂತು ಆಂಪೂಲಿನ ಕತ್ತು ಮುರಿಯುತ್ತಾರೆ. ಬೇರೆ ಯಾರನ್ನಾದರೂ ಕೊಂದುಬಿಡಬಲ್ಲಷ್ಟು ಅಟ್ರೋಪಿನ್ ಆ ರೋಗಿಯನ್ನು ಉಳಿಸುತ್ತದೆ, ಏಕೆಂದರೆ ಅವನ ಬಾಗಿಲುಗಳ ಮುಂದೆ ಅಸಿಟೈಲ್‌ಕೋಲಿನ್‌ನ ಜಾತ್ರೆಯೇ ನೆರೆದಿರುತ್ತದೆ.

ಈಗ ನೆನಪಿನ ವಿಷಯಕ್ಕೆ ಬರುತ್ತೇನೆ. ಗೋವೆಯ ಕಳ್ಳರಿಗೆ ಗೊತ್ತಿದ್ದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹೆರಿಗೆ ಆಸ್ಪತ್ರೆಗೆ ಬಂತು. ಫ್ರೈಬರ್ಗ್‌ನಲ್ಲಿ ಕಾರ್ಲ್ ಗೌಸ್ 1906ರಲ್ಲಿ ಮಾರ್ಫಿನ್ ಜೊತೆ ಸ್ಕೊಪೊಲಮಿನ್ ಕೊಟ್ಟು ನೋವಿಲ್ಲದ ಹೆರಿಗೆ ಮಾಡಿಸುವ ವಿಧಾನವನ್ನು ಪ್ರಕಟಿಸಿದ. ಇಂಗ್ಲಿಷಿನಲ್ಲಿ ಅದಕ್ಕೆ 'ಟ್ವೈಲೈಟ್ ಸ್ಲೀಪ್' ಎಂದು ಹೆಸರು ಬಂತು. ಮುಸ್ಸಂಜೆಯ ನಿದ್ದೆ ಅನ್ನಬಹುದು. 1914ರ ಹೊತ್ತಿಗೆ ಅಮೆರಿಕದ ಹೆಂಗಸರು ಇದು ನಮಗೂ ಬೇಕು ಎಂದು ಸಂಘ ಕಟ್ಟಿ ಹೋರಾಡಿದರು. ಹೆರಿಗೆಯ ನೋವು ಹೆಣ್ಣಿನ ಹಣೆಬರಹ ಎಂದು ಒಪ್ಪಿಕೊಳ್ಳುವುದಿಲ್ಲ ಎಂಬ ಆ ಹಟ ನ್ಯಾಯವಾದದ್ದೇ. ಆದರೆ ಒಳಗೆ ನಡೆಯುತ್ತಿದ್ದದ್ದು ಬೇರೆ. ನೋವು ಬಹುಮಟ್ಟಿಗೆ ಇದ್ದೇ ಇತ್ತು. ಹೆಂಗಸರು ಕಿರುಚುತ್ತಿದ್ದರು, ಹೊರಳಾಡುತ್ತಿದ್ದರು, ಕೆಲವರನ್ನು ಮಂಚಕ್ಕೆ ಕಟ್ಟಬೇಕಾಗುತ್ತಿತ್ತು. ಎಚ್ಚರಾದಾಗ ಅವರಿಗೆ ಅದೊಂದೂ ನೆನಪಿರುತ್ತಿರಲಿಲ್ಲ.

1974ರಲ್ಲಿ ಅಮೆರಿಕದ ಡ್ರಾಕ್‌ಮನ್ ಮತ್ತು ಲೆವಿಟ್ ಆರೋಗ್ಯವಂತ ಯುವಕರಿಗೆ ಸ್ಕೊಪೊಲಮಿನ್ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಫಲಿತಾಂಶ ವಯಸ್ಸಾದವರ ಮರೆವನ್ನು ಹೋಲುತ್ತಿತ್ತು. ಸ್ವಲ್ಪ ಸಮಯದಲ್ಲೇ ಅಲ್ಜೈಮರ್ ರೋಗಿಗಳ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ವ್ಯವಸ್ಥೆ ಸವೆದಿರುವುದೂ ಗೊತ್ತಾಯಿತು. ಮರೆವಿನ ರೋಗಕ್ಕೆ ಇವತ್ತು ಬರೆದುಕೊಡುವ ಡೊನೆಪೆಜಿಲ್ ಮಾಡುವುದು ಕಲಬಾರ್ ಕಾಳಿನ ಕೆಲಸವನ್ನೇ, ಸೌಮ್ಯವಾಗಿ: ಅಸಿಟೈಲ್‌ಕೋಲಿನ್ ಒಡೆಯದಂತೆ ಸ್ವಲ್ಪ ತಡೆಯುತ್ತದೆ. ಇಷ್ಟು ತಿಳಿದ ಮೇಲೂ ಕೆಲವು ಮುದುಕರಿಗೆ ಬೆಳಗ್ಗೆ ಡೊನೆಪೆಜಿಲ್, ರಾತ್ರಿ ಆಂಟಿಕೋಲಿನರ್ಜಿಕ್ ನಡೆಯುತ್ತಿರುತ್ತದೆ. ಒಬ್ಬ ಡಾಕ್ಟರು ಎಕ್ಸಲರೇಟರ್ ಒತ್ತಿದರೆ ಇನ್ನೊಬ್ಬರು ಬ್ರೇಕ್ ಒತ್ತಿದ ಹಾಗೆ.

ಇದು ಹೇಗೆ ಆಗುತ್ತದೆ? ಏಕೆಂದರೆ ಮನೆತನ ಬೆಳೆಯಿತು, ಆದರೆ ಅಡ್ಡಹೆಸರು ಬದಲಾಯಿತು. 1940ರ ದಶಕದಲ್ಲಿ ನೆಗಡಿ, ತುರಿಕೆಗಳಿಗೆ ಆಂಟಿಹಿಸ್ಟಮಿನ್ ಗುಳಿಗೆಗಳು ಬಂದವು. ಅವು ಹಿಸ್ಟಮಿನ್ನನ್ನು ತಡೆಯಲು ಹುಟ್ಟಿದವು. ಆದರೆ ಆ ಹಳೆಯ ತಲೆಮಾರಿನವು ಮಸ್ಕರೀನ್ ಬಾಗಿಲಲ್ಲೂ ಹೋಗಿ ಕೂರುತ್ತವೆ. ಮೂಗು ಸೋರುವುದು ನಿಲ್ಲುವುದರಲ್ಲಿ, ಬಾಯಿ ಒಣಗುವುದರಲ್ಲಿ ಅದರ ಪಾಲೂ ಇದೆ. 1960ರ ದಶಕದಲ್ಲಿ ಖಿನ್ನತೆಗೆ ಬಂದ ಅಮಿಟ್ರಿಪ್ಟಿಲಿನ್ ಈಗ ನರದ ನೋವಿಗೂ ನಡೆಯುತ್ತದೆ, ಅದೂ ಹಾಗೆಯೇ. ಆಕ್ಸಿಬ್ಯುಟಿನಿನ್ ಅಂತೂ ಕೆಲಸ ಮಾಡುವುದೇ ಮೂತ್ರಕೋಶದ ಇದೇ ಬಾಗಿಲಲ್ಲಿ ಕೂತು. ಒಂದು ನೆಗಡಿಯ ಗುಳಿಗೆ, ಒಂದು ನೋವಿನ ಗುಳಿಗೆ, ಒಂದು ಮೂತ್ರದ ಗುಳಿಗೆ. ಮೂರು ಊರು, ಮೂರು ಚೀಟಿ. ಒಬ್ಬರೂ ತಪ್ಪು ಔಷಧ ಕೊಟ್ಟಿರಲಿಲ್ಲ. ಮೂರನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ.

ವೈದ್ಯಲೋಕ ಇದನ್ನು ಗಮನಿಸಿಲ್ಲ ಎಂದಲ್ಲ. 1991ರಲ್ಲಿ ಅಮೆರಿಕದ ಮಾರ್ಕ್ ಬೀರ್ಸ್ ವಯಸ್ಸಾದವರಿಗೆ ಕೊಡುವಾಗ ಎಚ್ಚರ ಬೇಕಾದ ಔಷಧಗಳ ಪಟ್ಟಿಯೊಂದನ್ನು ಮಾಡಿದರು. ಅದು ಇಂದಿಗೂ ಪರಿಷ್ಕರಣೆಯಾಗುತ್ತ ಬಂದಿದೆ, ನಮ್ಮ ಈ ಮನೆತನಕ್ಕೆ ಅದರಲ್ಲಿ ಮುಖ್ಯ ಜಾಗ. 2008ರಲ್ಲಿ ಇನ್ನೊಂದು ತಂಡ ಪ್ರತಿ ಔಷಧಕ್ಕೂ ಅದರ ಆಂಟಿಕೋಲಿನರ್ಜಿಕ್ ಭಾರಕ್ಕೆ ತಕ್ಕಂತೆ 1ರಿಂದ 3ರವರೆಗೆ ಅಂಕ ಕೊಟ್ಟಿತು. ಒಟ್ಟು 3 ಅಥವಾ ಹೆಚ್ಚಾದರೆ ಬುದ್ಧಿಯ ಮೇಲೆ ಪರಿಣಾಮ ಆಗಬಹುದು, ಗಮನಿಸಿ ಎಂದು ಸೂಚನೆ. ಅಪ್ಪನ ಆ ಮೂರು ಪಟ್ಟಿಗಳಿಗೂ ತಲಾ 3. ಒಟ್ಟು 9. ಎಪ್ಪತ್ತಾರರ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಮೊದಲೇ ಕಡಿಮೆ, ಮೂತ್ರಪಿಂಡ ಔಷಧವನ್ನು ಹೊರಹಾಕುವುದೂ ನಿಧಾನ. ಆಫೀಸಿನಲ್ಲಿ ನಲವತ್ತು ಜನರ ಕೆಲಸದಲ್ಲಿ ಯಾವುದು ಯಾವುದಕ್ಕೆ ತಾಗುತ್ತದೆ ಎಂದು ದಿನವೂ ಚಾರ್ಟು ಬರೆಯುವ ನಾನು, ಅಪ್ಪನ ಗುಳಿಗೆಗಳ ಒಂದು ಸಾಲು ಪಟ್ಟಿಯನ್ನೂ ಬರೆದಿಟ್ಟಿರಲಿಲ್ಲ. ಕೊರಿಯರ್ ಮುಟ್ಟಿತೇ ಎಂದು ಟ್ರ್ಯಾಕ್ ಮಾಡಿದರೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದೆ.

ಡಾಕ್ಟರಮ್ಮ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಸೋಂಕು, ಸಕ್ಕರೆ, ಉಪ್ಪಿನಂಶದ ಏರುಪೇರು ಇಲ್ಲವೆಂದು ಖಚಿತ ಮಾಡಿಕೊಂಡರು. ನೆಗಡಿಯ ಗುಳಿಗೆಯನ್ನೂ ಮೂತ್ರದ ಗುಳಿಗೆಯನ್ನೂ ನಿಲ್ಲಿಸಿದರು. ಕಾಲು ಉರಿಯ ಗುಳಿಗೆಯನ್ನು ಒಮ್ಮೆಲೇ ಬಿಡಬಾರದೆಂದು ಹಂತ ಹಂತವಾಗಿ ಇಳಿಸಿದರು. ನಾನು ಇನ್‌ಹೇಲರ್ ತೋರಿಸಿ ಇದು ಎಂದೆ. ಅಪ್ಪನಿಗೆ ಹಳೆಯ ದಮ್ಮು, ದಿನಕ್ಕೊಮ್ಮೆ ಟಿಯೋಟ್ರೋಪಿಯಂ ಎಳೆದುಕೊಳ್ಳುತ್ತಾರೆ. "ಇದೂ ಅದ ಮನೆತನದ್ದರಿ. ಆದ್ರ ಇದು ಇರ್ಲಿ."

ಯಾಕೆ ಇರಲಿ ಎಂಬುದರಲ್ಲಿ ಮದರಾಸಿನ ಚಿಲುಮೆಯ ಕಥೆ ಮುಗಿಯುತ್ತದೆ. ಬೇರೆ ಹೊಸ ಔಷಧಗಳು ಬಂದ ಮೇಲೆ ಉಬ್ಬಸದ ಸಿಗರೇಟು ಮೂಲೆ ಸೇರಿತು. ಆದರೆ ಶ್ವಾಸನಾಳದಲ್ಲಿ ಈ ಬಾಗಿಲು ಮುಚ್ಚಿದರೆ ಉಪಯೋಗವಿದೆ ಎಂಬುದು ಸುಳ್ಳಾಗಲಿಲ್ಲ. 1970ರ ದಶಕದಲ್ಲಿ ಅಟ್ರೋಪಿನ್ ಅಣುವನ್ನೇ ಕೊಂಚ ಮಾರ್ಪಡಿಸಿದ ಇಪ್ರಾಟ್ರೋಪಿಯಂ ಬಂತು. ಅದರ ಸಾರಜನಕಕ್ಕೆ ಒಂದು ಹೆಚ್ಚಿನ ಗುಂಪು ಜೋಡಿಸಿ ಕಾಯಂ ಧನ ವಿದ್ಯುದಂಶ ಬರುವಂತೆ ಮಾಡಿದ್ದರು. ವಿದ್ಯುದಂಶ ಹೊತ್ತ ಅಣು ಕೊಬ್ಬಿನ ಪೊರೆ ದಾಟಲು ಒದ್ದಾಡುತ್ತದೆ. ಶ್ವಾಸನಾಳದಿಂದ ರಕ್ತಕ್ಕೆ ಸೇರುವುದು ಕಡಿಮೆ, ರಕ್ತದಿಂದ ಮೆದುಳಿಗೆ ಹೋಗುವುದಂತೂ ಇನ್ನೂ ಕಷ್ಟ. ಟಿಯೋಟ್ರೋಪಿಯಂ ಅದರ ನಂತರದ ತಲೆಮಾರು. ಬಾಗಿಲಲ್ಲಿ ಹೆಚ್ಚು ಹೊತ್ತು ಕೂರುವುದರಿಂದ ದಿನಕ್ಕೊಂದು ಸಲ ಸಾಕು. ಬಾಯಿ ಒಣಗುವಂಥ ಸಣ್ಣ ತೊಂದರೆ ಇದ್ದೇ ಇದೆ. ಆದರೆ ಅಜ್ಜ ಮುತ್ತಜ್ಜಂದಿರು ಚಿಲುಮೆಯಲ್ಲಿ ಸೇದಿದ ಮದ್ದು ಇನ್ನೂರು ವರ್ಷದಲ್ಲಿ ಮೆದುಳನ್ನು ಬಿಟ್ಟು ಎದೆಯಲ್ಲಿ ಉಳಿಯುವುದನ್ನು ಕಲಿಯಿತು.

ಅಪ್ಪ ಮೂರನೆಯ ದಿನ ಶೇಂಗಾ ಆರಿಸುವುದನ್ನು ನಿಲ್ಲಿಸಿದರು. ಹತ್ತು ಹನ್ನೆರಡು ದಿನಕ್ಕೆ ಅವ್ವನಿಗೆ "ಚಹಾದಾಗ ಸಕ್ರಿ ಹಾಕಿಲ್ಲೇನು?" ಎಂದು ಗದರಿದರು, ಅವ್ವ ಒಳಗೆ ಹೋಗಿ ಅತ್ತಳು. ಎಲ್ಲವೂ ಮೊದಲಿನಂತಾಯಿತು ಎಂದು ಹೇಳಲಾರೆ. ಈಗಲೂ ಹೆಸರು ಮರೆಯುತ್ತಾರೆ, ಹತ್ತೊಂಬತ್ತರ ಮಗ್ಗಿಯಲ್ಲಿ ಒಮ್ಮೊಮ್ಮೆ ಎಡವುತ್ತಾರೆ. ಅಷ್ಟು ವಯಸ್ಸಿನ ಪಾಲು. ಉಳಿದದ್ದು ಗುಳಿಗೆಯ ಪಾಲಾಗಿತ್ತು, ಅದು ವಾಪಸು ಬಂತು.

ಇದನ್ನು ಓದಿ ಯಾರೂ ತಂದೆ ತಾಯಿಯ ಗುಳಿಗೆಯನ್ನು ತಾವಾಗಿ ನಿಲ್ಲಿಸಬೇಡಿ. ಕೆಲವನ್ನು ದಿಢೀರೆಂದು ಬಿಟ್ಟರೆ ಬೇರೆ ಅನಾಹುತವಾಗುತ್ತದೆ. ಆದರೆ ಈ ದೀಪಾವಳಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕಪಾಟು, ದೇವರ ಜಗಲಿ, ಫ್ರಿಜ್ಜಿನ ಮೇಲೆ, ದಿಂಬಿನ ಕೆಳಗೆ ಇರುವ ಎಲ್ಲ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿ, ಒಬ್ಬರೇ ಡಾಕ್ಟರ ಮುಂದೆ ಸುರುವಿ. ಇವುಗಳಲ್ಲಿ ಒಂದೇ ಮನೆತನದವು ಎಷ್ಟಿವೆ ಎಂದು ಕೇಳಿ. ಅರಳು ಮರಳು ಎನ್ನುವ ಮೊದಲು ಈ ಒಂದು ಪ್ರಶ್ನೆ ಆಗಿಬಿಡಲಿ.

ಮೊನ್ನೆ ಅಪ್ಪ ಫೋನಿನಲ್ಲಿ ಕೇಳಿದರು, "ನೀ ಶ್ರಾವಣದಾಗ ಬಂದಿದ್ದೆಂತಲ್ಲ, ಯಾವಾಗ ಬಂದಿದ್ದಿ?" ಬಸ್ಸಿಳಿದು ಬಂದ ನನ್ನನ್ನು ಮಂಚದ ಮೇಲಿಂದ ಅಪರಿಚಿತನಂತೆ ನೋಡಿದ್ದು ಅವರಿಗೆ ಗೊತ್ತಿಲ್ಲ. ಆ ದಿನಗಳು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ನನಗೂ ಅವ್ವನಿಗೂ ಬಿಟ್ಟದ್ದು.